ವೈನಿಯ ಮುಂದೆ ಮಾತ್ರ ಸಿಡಿದ ಯಂತ್ರ

ಯಂತ್ರಗಳಿಗೆ ಮನಸ್ಸಿಲ್ಲ ಎಂದು ನಂಬಿದವನು ನಾನು. ಸುರಪುರದ ಕಾಲೇಜಿನಲ್ಲಿ ಭೌತಶಾಸ್ತ್ರ ಓದಿದ್ದೇನೆ. ರಂಗಂಪೇಟೆಯ ನಮ್ಮ ಓಣಿಯಲ್ಲಿ ಯಾರಾದರೂ ಶಕುನ, ಸೂಚನೆ ಅಂದರೆ ನಕ್ಕು ಎದ್ದುಬಿಡುತ್ತಿದ್ದೆ. ಈಗ ಹೇಳುವುದನ್ನು ನೀವು ನಂಬಲೇಬೇಕೆಂದಿಲ್ಲ. ಕಂಡದ್ದನ್ನು, ನಾನು ಮಾಡಿದ ತಪ್ಪನ್ನೂ ಸೇರಿಸಿ, ಇದ್ದಂತೆ ಬರೆಯುತ್ತೇನೆ.

ನಮ್ಮ ವೈನಿಗೆ, ಅಂದರೆ ಅಣ್ಣನ ಹೆಂಡತಿಗೆ, ಥೈರಾಯ್ಡ್ ಕ್ಯಾನ್ಸರ್ ಆಗಿತ್ತು. ಆಪರೇಷನ್ ಮಾಡಿ ಗಂಟಲಿನ ಗಂಟು ತೆಗೆದಿದ್ದರು. ಉಳಿದ ಬೇರು ಸುಡಲು ವಿಕಿರಣ ಇರುವ ಅಯೋಡಿನ್ ಗುಳಿಗೆ ನುಂಗಬೇಕು, ನುಂಗಿದ ಮೇಲೆ ಮೂರು ದಿನ ಒಂದು ಕೋಣೆಯಲ್ಲಿ ಒಬ್ಬಳೇ ಇರಬೇಕು ಎಂದು ಹೈದರಾಬಾದಿನ ಆಸ್ಪತ್ರೆಯವರು ಹೇಳಿದ್ದರು. ಅದಕ್ಕಾಗಿ ಒಂದು ತಿಂಗಳಿನಿಂದ ಆಕೆಯ ನಿತ್ಯದ ಥೈರಾಯ್ಡ್ ಮಾತ್ರೆ ನಿಂತಿತ್ತು; ಅಯೋಡಿನ್ ಇರುವ ಅಂಗಡಿ ಉಪ್ಪು, ಹಾಲು, ಮೊಸರು ಬಂದ್. ಮುಖ ಊದಿತ್ತು. ಸೈದಾಪುರದ ಹತ್ತಿರ ಫ್ಯಾಕ್ಟರಿಯಲ್ಲಿರುವ ಅಣ್ಣನಿಗೆ ರಜೆ ಸಿಗಲಿಲ್ಲ. ನಾನೇ ಕರೆದುಕೊಂಡು ಹೊರಟೆ.

ಯಾದಗಿರಿಯಲ್ಲಿ ರೈಲು ಹತ್ತಿದಾಗಿನಿಂದ ಆಕೆ ಕಿಟಕಿಯ ಸರಳು ಬಿಡಲಿಲ್ಲ.

“ತಮ್ಮಾ, ಇವತ್ತು ಬ್ಯಾಡ ಅನಸಾಕತ್ತೈತಿ. ನನ್ನ ಮೈ ಒಲ್ಲೆ ಅನ್ನಾಕತ್ತೈತಿ.”

“ಅಂಜಬ್ಯಾಡ ವೈನಿ. ನಾ ಇದನ್ನೆಲ್ಲಾ ಓದೀನಿ. ಗುಳಿಗಿ ಅದು, ಬಾಂಬ್ ಅಲ್ಲ.”

“ಓದಿದಾಂವ ನೀ. ನುಂಗಾಕಿ ನಾ.”

ಆಸ್ಪತ್ರೆಯಲ್ಲಿ ಒಂದು ಫಾರಂ ಕೊಟ್ಟರು. ಇಂಗ್ಲಿಷಿನಲ್ಲಿತ್ತು. ವೈನಿ ಪೆನ್ನು ನನ್ನ ಕೈಗೆ ಕೊಟ್ಟಳು. ಹೆಸರು, ವಯಸ್ಸು ಬರೆದೆ. ಮುಂದಿನ ಸಾಲಿನಲ್ಲಿ ಕೊನೆಯ ಮುಟ್ಟಿನ ತಾರೀಖು ಯಾವುದು, ಗರ್ಭಿಣಿಯೇ ಎಂದು ಕೇಳಿದ್ದರು. ನಮ್ಮ ಮನೆಗಳಲ್ಲಿ ಮೈದುನ ಇದನ್ನು ವೈನಿಗೆ ಕೇಳುವುದಿಲ್ಲ. ಆಕೆಯೂ ಹೇಳುವುದಿಲ್ಲ. ಹತ್ತು ದಿನದ ಹಿಂದೆ ಶಹಾಪುರದ ಲ್ಯಾಬಿನಲ್ಲಿ ಮಾಡಿಸಿದ ರಕ್ತಪರೀಕ್ಷೆಯ ವರದಿಯಲ್ಲಿ ಗರ್ಭ ಇಲ್ಲ ಎಂದಿತ್ತಲ್ಲ. ಅಂದಾಜಿಗೆ ಒಂದು ತಾರೀಖು ಬರೆದು, ‘ಇಲ್ಲ’ ಎಂಬಲ್ಲಿ ಗೀಟು ಹಾಕಿದೆ. ಎಲ್ಲ ಸರಿ ಇದೆಯಾ ಎಂದು ನರ್ಸ್ ಕೇಳಿದಾಗ ನಾನು ಪಕ್ಕದಲ್ಲೇ ನಿಂತಿದ್ದೆ. ವೈನಿ ಸೆರಗು ಸರಿಮಾಡಿಕೊಂಡು ತಲೆಯಾಡಿಸಿದಳು.

ಗುಳಿಗೆಯ ಸೀಸದ ಡಬ್ಬಿ ಇನ್ನೂ ಒಳಗಿನ ಕೋಣೆಯಲ್ಲೇ ಇತ್ತು. ಕೊಡುವ ಮೊದಲು ವಿಕಿರಣ ಅಳೆಯುವ ಸಣ್ಣ ಯಂತ್ರವೊಂದನ್ನು ರೋಗಿಯ ಮುಂದೆ ಹಿಡಿದು ನೋಡುತ್ತಾರೆ. ಏನೂ ಇಲ್ಲದಿದ್ದರೆ ಅದು ಆಗೊಮ್ಮೆ ಈಗೊಮ್ಮೆ ಟಿಕ್ ಅನ್ನುತ್ತದೆ, ಅಷ್ಟೇ. ವೈನಿಯ ಮುಂದೆ ಹಿಡಿದೊಡನೆ ಕಾದ ಹಂಚಿಗೆ ಬಿದ್ದ ಜೋಳದಂತೆ ಚಟಚಟ ಸಿಡಿಯತೊಡಗಿತು.

ಯಂತ್ರ ಹಿಡಿದ ಟೆಕ್ನಿಷಿಯನ್ ಗುರುಮಠಕಲ್ ಕಡೆಯವನು. “ಅಮ್ಮಾ, ಈ ತಿಂಗಳದಾಗ ಎಲ್ಲ್ಯಾರ ವಿಕಿರಣದ ಔಷಧ ಕೊಟ್ಟು ಮಾಡೋ ಸ್ಕ್ಯಾನ್ ಮಾಡಿಸೀರೇನ್ರಿ?” ಎಂದ.

“ಇಲ್ರೀಪ. ಈ ಊದಿದ ಮಾರಿ ಕನ್ನಡಿಗೇ ಬ್ಯಾಡಾಗೈತಿ, ಸ್ಕ್ಯಾನ್ ಯಾರು ಮಾಡ್ತಾರ?”

ಅವನು ನಗಲಿಲ್ಲ. ಯಂತ್ರವನ್ನು ತನ್ನ ಎದೆಗೆ ಹಿಡಿದ. ಸುಮ್ಮನಾಯಿತು. ನನ್ನ ಮುಂದೆ ಹಿಡಿದ, ಗೋಡೆಗೆ ಹಿಡಿದ. ಸುಮ್ಮನೆ. ಮತ್ತೆ ವೈನಿಯ ಮುಂದೆ ತಂದರೆ ಚಟಚಟ. ಬಳೆ ತೆಗೆಸಿದರು, ಆಸ್ಪತ್ರೆಯ ಅಂಗಿ ಹಾಕಿಸಿದರು. ಆದರೂ ಹಾಗೇ. ಆಕೆ ಗೋಡೆಗೆ ಒತ್ತಿ ನಿಂತಿದ್ದಳು.

“ತಮ್ಮಾ, ನನ್ನ ಮೈಯಾಗ ಏನೈತೋ?”

ಟೆಕ್ನಿಷಿಯನ್ ಯಂತ್ರ ಕೆಳಗಿಟ್ಟು ಡಾಕ್ಟರನ್ನು ಕರೆಯಲು ಹೋದ.

ಡಾಕ್ಟರಮ್ಮ ಬಂದರು. ಕಾರಣ ತಿಳಿಯುವವರೆಗೆ ಗುಳಿಗೆ ಇಲ್ಲ ಎಂದು ಹೇಳಿ, ರಕ್ತದ ಎಲ್ಲ ಪರೀಕ್ಷೆಗಳನ್ನೂ ಮತ್ತೆ ಮಾಡಲು ಬರೆದರು. ರಕ್ತ ತೆಗೆದ ಮೇಲೆ ಇನ್ನೊಂದು ಯಂತ್ರ ತಂದು ಹಿಡಿದರು. ಅದು ಸುಮ್ಮನಿತ್ತು. ಮೊದಲಿನದನ್ನು ಹಿಡಿದರು. ಈಗ ಅದೂ ಸುಮ್ಮನಿತ್ತು.

ಮಧ್ಯಾಹ್ನ ಮೂರರ ಹೊತ್ತಿಗೆ ವರದಿ ಬಂತು. ವೈನಿ ಗರ್ಭಿಣಿ. ಶಹಾಪುರದಲ್ಲಿ ನೋಡಿದಾಗ ಗೊತ್ತಾಗುವಷ್ಟು ದಿನ ಆಗಿರಲಿಲ್ಲ. ಮುಟ್ಟು ತಪ್ಪಿದ್ದು ಮಾತ್ರೆ ನಿಲ್ಲಿಸಿದ್ದಕ್ಕೇ ಇರಬೇಕೆಂದು ಆಕೆ ಸುಮ್ಮನಿದ್ದಳಂತೆ. ಗುಳಿಗೆ ನುಂಗಿದ್ದರೆ ಹೊಟ್ಟೆಯ ಕೂಸಿಗೆ ಏನಾಗುತ್ತಿತ್ತು ಎಂಬುದನ್ನು ಡಾಕ್ಟರಮ್ಮ ಒಂದೇ ಮಾತಿನಲ್ಲಿ ಹೇಳಿದರು. ಆ ಮಾತನ್ನು ಇಲ್ಲಿ ಬರೆಯಲಾರೆ. ಚಿಕಿತ್ಸೆ ಹೆರಿಗೆಯ ನಂತರಕ್ಕೆ ಕಾಯಬಹುದು ಎಂದರು. ಆಮೇಲೆ ಫಾರಂ ನನ್ನ ಕಡೆ ತಿರುಗಿಸಿ, ಈ ತಾರೀಖು ಯಾರು ಬರೆದದ್ದು ಎಂದು ಕೇಳಿದರು.

ನಾನೇ ಎಂದೆ. ವೈನಿ ನನ್ನ ಮುಖ ನೋಡಲಿಲ್ಲ.

ಯಂತ್ರದ ತಂತಿ ಸಡಿಲಾಗಿತ್ತು ಎಂದು ಎಷ್ಟೋ ಸಲ ಸಮಾಧಾನ ಮಾಡಿಕೊಂಡಿದ್ದೇನೆ. ಸಡಿಲಾದ ತಂತಿ ಗೋಡೆಯ ಮುಂದೆ ಏಕೆ ಸುಮ್ಮನಿತ್ತು? ಅದು ಸಿಡಿಯದಿದ್ದರೆ ಇನ್ನೈದು ನಿಮಿಷಕ್ಕೆ ಗುಳಿಗೆ ಆಕೆಯ ನಾಲಿಗೆಯ ಮೇಲಿರುತ್ತಿತ್ತು. ಆ ಐದು ನಿಮಿಷ ನನ್ನನ್ನು ಇನ್ನೂ ಬಿಟ್ಟಿಲ್ಲ.

ಮಗಳು ಹುಟ್ಟಿ, ಹಾಲು ಬಿಡಿಸಿ ಕೆಲ ತಿಂಗಳಾದ ಮೇಲೆ ಮತ್ತೆ ಅಲ್ಲಿಗೇ ಹೋದೆವು. ಈ ಸಲ ಪೆನ್ನು ವೈನಿಯ ಕೈಯಲ್ಲೇ ಇಟ್ಟು, ಒಂದೊಂದೇ ಸಾಲನ್ನು ಕನ್ನಡದಲ್ಲಿ ಹೇಳಿದೆ. ಆ ಸಾಲು ಬಂದಾಗ ಎದ್ದು ಹೊರಗೆ ಹೋಗಲು ನೋಡಿದೆ. “ಕುಂದ್ರು,” ಅಂದಳು. ತಾರೀಖನ್ನು ನನ್ನೆದುರೇ ಗಟ್ಟಿಯಾಗಿ ಹೇಳಿ ಬರೆದಳು.

ಅದೇ ಟೆಕ್ನಿಷಿಯನ್ ಅದೇ ಯಂತ್ರ ತಂದ. ರಿಪೇರಿಗೆ ಕಳಿಸಿದ್ದರಂತೆ, ಏನೂ ದೋಷವಿಲ್ಲವೆಂದು ತಿರುಗಿ ಬಂದಿತ್ತಂತೆ. ವೈನಿಯ ಮುಂದೆ ಹಿಡಿದ. ಟಿಕ್. ಎಷ್ಟೋ ಹೊತ್ತಿನ ಮೇಲೆ ಇನ್ನೊಂದು ಟಿಕ್.

“ಏನಂತೀರಿ ಸರ್? ನೀವು ಓದಿದೋರು,” ಎಂದ.

ನಾನು ವೈನಿ ತುಂಬಿದ ಫಾರಂ ಅವನ ಕೈಗೆ ಕೊಟ್ಟೆ.