ಸೆಂಟಮ್ಮನ ಮೂಗು

ಬರೆದುಕೋ ಪುಟ್ಟಿ, ಆದರೆ ನಾನು ದಾರಿ ತಪ್ಪಿದರೆ ನಡುವೆ ಬಾಯಿ ಹಾಕಬೇಡ. ಈ ಮಂಡಿ ಇಟ್ಟುಕೊಂಡು ನನಗೆ ಉಳಿದಿರುವ ಓಡಾಟ ಅದೊಂದೇ.

ಅವಳನ್ನು ಎಲ್ಲರೂ ಸೆಂಟಮ್ಮ ಅಂತಲೇ ಕರೆಯುತ್ತಿದ್ದರು. ನನ್ನ ಚಿಕ್ಕಮ್ಮನ ಮಗಳು, ನನಗೆ ತಂಗಿಯಾಗಬೇಕು. ನಾವಿದ್ದ ಕಟ್ಟಡದಲ್ಲೇ ಮೇಲಿನ ಮಹಡಿಯಲ್ಲಿ ಒಂದು ಕೋಣೆ, ಅದರ ಮೂಲೆಯಲ್ಲೇ ಗ್ಯಾಸ್ ಒಲೆ, ಉಳಿದ ನೆಲದ ತುಂಬ ಚಾಪೆ. ಕೆಲಸಕ್ಕೆ ಹೋಗುವ ತಾಯಂದಿರು ಬೆಳಿಗ್ಗೆ ಕೂಸುಗಳನ್ನು ತಂದು ಅವಳ ಮಡಿಲಿಗೆ ಹಾಕಿ ಓಡುತ್ತಿದ್ದರು, ಸಂಜೆ ಬಂದು ಎತ್ತಿಕೊಳ್ಳುತ್ತಿದ್ದರು. ಅವಳ ಗಂಡ ಲಾರಿ ಓಡಿಸುತ್ತಿದ್ದ. ಹೋದವರ ಬಗ್ಗೆ ಆಡಬಾರದು, ಆದರೆ ಆ ಮಹಾರಾಯ ಮನೆಯಲ್ಲೂ ಹಾರ್ನ್ ಹೊಡೆದ ಹಾಗೆಯೇ ಮಾತಾಡುತ್ತಿದ್ದ. ಅವನು ಹೋದಮೇಲೆ ಈ ಕೂಸುಗಳೇ ಅವಳಿಗೆ ಅನ್ನ, ಬಾಡಿಗೆ, ಸಂಸಾರ ಎಲ್ಲಾ. ಸ್ವಂತದ್ದೊಂದು ಹುಟ್ಟಲಿಲ್ಲ.

ಮೊದಲೆಲ್ಲ ಅವಳು ಸೆಂಟು ಮುಟ್ಟಿದವಳಲ್ಲ. ಅವಳ ಮೂಗೇ ಅವಳಿಗೆ ವೈದ್ಯ. ಮಗುವಿನ ಬಾಯಿ ಮೂಸಿ, “ಇದಕ್ಕೆ ಹೊಟ್ಟೆ ಕೆಟ್ಟಿದೆ, ಇವತ್ತು ನೀನು ರಜಾ ಹಾಕಮ್ಮಾ” ಅನ್ನುತ್ತಿದ್ದಳು. ತಾಯಿ ಮುಖ ಸಿಂಡರಿಸಿಕೊಂಡೇ ಹೋಗುತ್ತಿದ್ದಳು, ಮಧ್ಯಾಹ್ನದೊಳಗೆ ವಾಪಸು ಬರುತ್ತಿದ್ದಳು.

ಒಂದು ಚಳಿಗಾಲ ಆ ಕೂಸುಗಳಿಂದಲೇ ನೆಗಡಿ, ಜ್ವರ ಅಂಟಿಸಿಕೊಂಡು ಮಲಗಿದಳು. ಅವಳು ಎದ್ದಳು, ಮೂಗು ಏಳಲಿಲ್ಲ. ಯಾವ ವಾಸನೆಯೂ ತಿಳಿಯುತ್ತಿರಲಿಲ್ಲ. ಇದು ಆಗ ಯಾರಿಗೂ ಗೊತ್ತಿರಲಿಲ್ಲ ಪುಟ್ಟಿ. ಆದರೆ ಮುಂದಿನದ್ದನ್ನೆಲ್ಲ ನೀನು ಇದನ್ನು ಮನಸ್ಸಿನಲ್ಲಿಟ್ಟುಕೊಂಡೇ ಕೇಳು.

ಸೆಂಟು ಶುರುವಾಗಿದ್ದು ಆಮೇಲೆ. ಬೀದಿ ತುದಿಯ ಫ್ಯಾನ್ಸಿ ಸ್ಟೋರಿನವನು ಸೀಸೆಗಳನ್ನು ಜಾತಕ ಓದಿದ ಹಾಗೆ ಮಾರುತ್ತಿದ್ದ. “ಇದು ನಾಚಿಕೆ ಸ್ವಭಾವದೋರಿಗೆ, ಇದು ಆಫೀಸಿನೋರಿಗೆ, ಇದು ಯಾರಿಗೂ ಹೆದರದ ಹೆಂಗಸಿಗೆ.” ಮೂರನೆಯದರ ಡಬ್ಬಿಯ ಮೇಲೆ ಕುದುರೆ ಏರಿದ ಒಬ್ಬಳ ಚಿತ್ರ. ನನ್ನ ತಂಗಿ ಅದನ್ನೇ ಕೊಂಡು ತಂದಳು. ಜಿರಳೆ ಕಂಡರೆ ಕುರ್ಚಿ ಹತ್ತುವವಳು!

ಹಚ್ಚಿದಳು ನೋಡು, ಕಿವಿ ಹಿಂದೆ, ಕೊರಳಿಗೆ, ಸೆರಗಿಗೆ, ಕೊನೆಗೆ ಚಾಪೆಗೂ. ಹೂವೂ ಅಲ್ಲ, ಹಣ್ಣೂ ಅಲ್ಲ, ಸುಟ್ಟ ಸಕ್ಕರೆಯಂಥ ಘಾಟು. ಕೆಳಗಿನ ಮಳಿಗೆಯ ಟೈಲರಮ್ಮ ನನ್ನನ್ನು ನಿಲ್ಲಿಸಿ ಕೇಳಿದಳು:

“ಏನಕ್ಕಾ, ನಿಮ್ಮ ತಂಗಿ ಇಳಿಯೋಕ್ ಮುಂಚೆ ಅವರ ಸೆಂಟು ಮೆಟ್ಟಿಲಿಳಿದು ಬರತ್ತೆ? ಯಾರಾದ್ರೂ ಸಿಕ್ಕಿದಾರಾ?”

“ಸಿಕ್ಕಿದ್ರೆ ಮದುವೆ ಬಟ್ಟೆ ನಿನ್ನ ಹತ್ರಾನೇ ಹೊಲಿಸ್ತಾಳೆ, ಕತ್ತರಿ ಸಾಣೆ ಹಿಡಿಸಿಟ್ಕೋ” ಅಂದೆ.

ನಕ್ಕೆ, ಆದರೆ ನನಗೂ ಒಳಗೊಳಗೇ ಏನೋ ಕಸಿವಿಸಿ. ಸದಾ ನಗುಮುಖದ ನನ್ನ ತಂಗಿ, ಯಾರಾದರೂ ಹತ್ತಿರ ಬಂದರೆ ಒಂದು ಹೆಜ್ಜೆ ಹಿಂದೆ ಸರಿಯತೊಡಗಿದ್ದಳು.

ಒಂದು ದಿನ ಸುಮ್ಮನೆ ಹರಟೆಗೆಂದು ಮೇಲೆ ಹೋದೆ. ಒಂದು ಕೂಸಿಗೆ ಬಾಟಲಿಯಲ್ಲಿ ಹಾಲು ತುಂಬುತ್ತಿದ್ದಳು. ಬಾಗಿಲಿಗೇ ಹುಳಿ ನಾತ ಬಡಿಯಿತು.

“ಏ, ಹಾಲು ಕೆಟ್ಟಿದೆ ಕಣೇ!” ಎಂದು ಕಿತ್ತುಕೊಂಡೆ.

ಅವಳು ಬಾಟಲಿ ನೋಡಲಿಲ್ಲ, ನನ್ನ ಮುಖ ನೋಡಿದಳು. ಕಳ್ಳತನ ಮಾಡಿ ಸಿಕ್ಕಿಬಿದ್ದವಳ ಕಣ್ಣು.

“ಗೊತ್ತಾಗಲ್ಲ ಅಕ್ಕಾ. ಜ್ವರ ಬಂದಾಗಿಂದ ಏನೂ ಗೊತ್ತಾಗಲ್ಲ. ನನ್ನ ಮೈಯೇ ನಾರ್ತಿದೆಯೋ ಏನೋ ತಿಳಿಯಲ್ಲ. ಅದಕ್ಕೇ ಈ ಸೆಂಟನ್ನ ಸುರ್ಕೊಳ್ಳೋದು.”

“ಡಾಕ್ಟರು?”

“ಬರಬಹುದು, ಬರದೇನೂ ಇರಬಹುದು ಅಂದ್ರು.”

“ತಾಯಂದಿರಿಗೆ ಹೇಳಿದೀಯಾ?”

“ಹೇಳಿದ್ರೆ ಯಾವ ತಾಯಿ ಮಗು ಬಿಡ್ತಾಳೆ? ನೀನೇ ಹೇಳು, ಬಿಡ್ತಿದ್ಯಾ?”

ಕೊನೆಗೆ, ಅವಳು ತಾನಾಗಿಯೇ ಹೇಳುವವರೆಗೆ ನಾನು ದಿನಾ ಬಂದು ಕೂರುತ್ತೇನೆ ಎಂದು ಒಪ್ಪಂದವಾಯಿತು. “ನಿನ್ನ ಮೂಗಿಗೆ ಬದಲು ನನ್ನ ಮೂಗು. ಸ್ವಲ್ಪ ಡೊಂಕು, ಸುಧಾರಿಸ್ಕೋ” ಅಂದೆ. ಇಬ್ಬರೂ ಕಣ್ಣಲ್ಲಿ ನೀರು ಬರುವಷ್ಟು ನಕ್ಕೆವು. ಹೆದರಿದಾಗ ನಗು ಹೆಚ್ಚು ಬರುತ್ತದೆ ಪುಟ್ಟಿ, ಯಾಕೋ ಗೊತ್ತಿಲ್ಲ.

ಅವಳು ಹೇಳಲಿಲ್ಲ. ಇವತ್ತು ಆ ತಾಯಿಗೆ ಅವಸರ, ನಾಳೆ ಈ ತಾಯಿಗೆ ಬೇಜಾರು. ಒಂದು ಮಧ್ಯಾಹ್ನ ಎಲ್ಲ ಕೂಸುಗಳೂ ನಿದ್ದೆಯಲ್ಲಿದ್ದವು. ಗೋಡೆಗೆ ಒರಗಿ ನನಗೂ ಜೋಂಪು ಹತ್ತಿತ್ತು. ಕಮಟು ವಾಸನೆಗೆ ಕಣ್ಣು ಬಿಟ್ಟೆ. ಒಲೆಯ ಪಕ್ಕ ಒಣಗಲು ಹಾಕಿದ್ದ ಕೂಸಿನ ಕಂಬಳಿಯ ಅಂಚು ಕೆಂಪಗೆ ಹೊಗೆಯಾಡುತ್ತಿತ್ತು. ಅದಕ್ಕೆ ಒಂದು ಮಾರು ದೂರದಲ್ಲಿ ನನ್ನ ತಂಗಿ ಬೆನ್ನು ಹಾಕಿ ಕೂತು, ಜೋಗುಳ ಹಾಡುತ್ತಾ ಲಂಗೋಟಿ ಮಡಚುತ್ತಿದ್ದಳು.

ನೀರು ಎರಚಿ ಆರಿಸಿದೆ. ಆಮೇಲೆ ಅವಳನ್ನು ಹೊರಗೆ ಕರೆದೆ.

“ನಾಳೆ ಬೆಳಿಗ್ಗೆ ನೀನು ಹೇಳು. ಇಲ್ಲಾಂದ್ರೆ ಮೆಟ್ಟಿಲ ಮೇಲೆ ನಿಂತು ನಾನು ಹೇಳ್ತೀನಿ.”

“ಹೇಳ್ತೀನಿ ಅಕ್ಕಾ.” ನನ್ನ ಕೈ ಹಿಡಿದುಕೊಂಡಳು.

ಬೆಳಿಗ್ಗೆ ಕೋಣೆಗೆ ಬೀಗ. ಕೂಸುಗಳನ್ನು ಎತ್ತಿಕೊಂಡ ತಾಯಂದಿರು ಮೆಟ್ಟಿಲ ಮೇಲೆ ಸಾಲಾಗಿ ನಿಂತಿದ್ದರು. ಟೈಲರಮ್ಮ, “ನಾನು ಹೇಳಲಿಲ್ವಾ, ಓಡಿಹೋದ್ರು!” ಎಂದಳು. ನಾನು ನಿಂತು ಇದ್ದದ್ದು ಇದ್ದ ಹಾಗೆ ಹೇಳಿದೆ. ಫೋನು ಮಾಡಿದರೆ ಅವಳು ಎತ್ತಲಿಲ್ಲ. ನೆಂಟರನ್ನೆಲ್ಲ ಕೇಳಿದೆ. ಯಾರಿಗೂ ಗೊತ್ತಿಲ್ಲ.

ಮುಂದಿನ ಚಳಿಗಾಲ. ಕಣ್ಣಿನ ಆಸ್ಪತ್ರೆಯಿಂದ ಬಸ್ಸಿನಲ್ಲಿ ಬರುತ್ತಿದ್ದೆ. ಒಬ್ಬಳು ಹುಡುಗಿ ಕಂಕುಳಲ್ಲಿ ಕೂಸಿಟ್ಟುಕೊಂಡು ಪಕ್ಕದಲ್ಲಿ ಕೂತಳು. ಆ ಕೂಸಿನ ಸ್ವೆಟರಿನಿಂದ ಬಂತು, ಸುಟ್ಟ ಸಕ್ಕರೆಯ ಘಾಟು.

“ಏನಮ್ಮಾ, ಮಗೂಗೆ ಸೆಂಟು ಹಾಕಿದೀಯಾ?”

“ನಾನಲ್ಲ ಅಜ್ಜಿ, ಇವನನ್ನ ನೋಡ್ಕೊಳ್ಳೋರ್ದು. ಎಷ್ಟು ಒಗೆದ್ರೂ ಹೋಗಲ್ಲ.” ನಕ್ಕಳು. “ಆದ್ರೆ ಬಂಗಾರದಂಥೋರು. ಒಬ್ಬರೇ ಅಷ್ಟೂ ಮಕ್ಕಳನ್ನ ಸಂಭಾಳಿಸ್ತಾರೆ, ಬಲು ಗಟ್ಟಿಗಿತ್ತಿ. ಇವನಿಗೆ ಇಂಜೆಕ್ಷನ್ ಇತ್ತು ಅಂತ ಕರ್ಕೊಂಡು ಬಂದೆ. ದೊಡ್ಡೋಳು ಅಲ್ಲೇ ಇದಾಳೆ.”

“ಒಲೆ ಎಲ್ಲಿದೆ ಅಲ್ಲಿ?”

“ಕೋಣೇಲೇ. ಯಾಕಜ್ಜಿ?”

ನನ್ನ ಸ್ಟಾಪು ಹೋಯಿತು. ಅವಳ ಜೊತೆಗೇ ಇಳಿದೆ, ನಡೆಯುತ್ತಾ ಹೇಳಿದೆ. ಪೂರ್ತಿ ಹೇಳಲು ಬಿಡಲಿಲ್ಲ ಅವಳು. ಕೂಸನ್ನು ನನ್ನ ಕೈಗೆ ತುರುಕಿ ಓಡಿದಳು. ಯಾರು ಯಾವ ಊರಿನ ಅಜ್ಜಿಯೋ ಅಂತಲೂ ನೋಡಲಿಲ್ಲ.

ಅವಳ ಹಿಂದೆಯೇ ಕುಂಟುತ್ತಾ ನಾನು ತಲುಪುವಾಗ ಆ ತಾಯಿ ಕೋಣೆಯ ಬಾಗಿಲಲ್ಲೇ ನಿಂತಿದ್ದಳು. ಚಳಿಗೆ ಕಿಟಕಿಗಳನ್ನೆಲ್ಲ ಮುಚ್ಚಿದ್ದರು. ಚಾಪೆಯ ಮೇಲೆ ಮಕ್ಕಳು ಮಲಗಿದ್ದವು. ಎಲ್ಲ ಕೂಸುಗಳೂ ಒಟ್ಟಿಗೆ, ಒಂದೂ ಮಿಸುಕದೆ. ನಡುವೆ ನನ್ನ ತಂಗಿ, ಹಣೆ ಒತ್ತಿಕೊಂಡು.

“ಅಕ್ಕಾ,” ಅಂದಳು. “ತಲೆ ಸಿಡೀತಿದೆ ಕಣೇ.”

“ಗ್ಯಾಸ್ ವಾಸನೆ ಬರ್ತಿದೆಯಾ ಅಜ್ಜಿ?” ಆ ತಾಯಿ ಪಿಸುಗುಟ್ಟಿದಳು. “ನನಗೆ ಸೆಂಟು ಬಿಟ್ಟು ಏನೂ ತಿಳೀತಿಲ್ಲ.”

ನನಗೂ ತಿಳಿಯಲಿಲ್ಲ. ಇಷ್ಟು ಡೊಂಕು ಮೂಗು ಇಟ್ಟುಕೊಂಡೂ ತಿಳಿಯಲಿಲ್ಲ. ಕೂಸನ್ನು ತಾಯಿಯ ಕೈಗೆ ಕೊಟ್ಟು ಒಲೆಯ ಹತ್ತಿರ ಹೋಗಿ ತಿರುಪನ್ನು ಮುಚ್ಚುವ ಕಡೆಗೆ ತಿರುಗಿಸಿದೆ. ಮುಚ್ಚಿದ್ದರೆ ಅದು ತಿರುಗಬಾರದು. ತಿರುಗಿತು.

“ಯಾರೂ ದೀಪದ ಸ್ವಿಚ್ ಮುಟ್ಟಬೇಡಿ! ಮಕ್ಕಳನ್ನ ಎತ್ತಿ!”

ಮೂವರೂ ಎರಡೆರಡು ಕೂಸು ಎತ್ತಿಕೊಂಡು ಬೀದಿಗಿಳಿದೆವು. ತಣ್ಣನೆ ಗಾಳಿ ತಾಗಿದ ಮೇಲೆ ಒಂದು ಅತ್ತಿತು, ಆಮೇಲೆ ಇನ್ನೊಂದು. ಆ ಹುಡುಗಿಯ ದೊಡ್ಡವಳು ಮಾತ್ರ ತಡಮಾಡಿದಳು. ತಾಯಿ ಅವಳ ಕೆನ್ನೆ ತಟ್ಟುತ್ತಲೇ ಇದ್ದಳು, ತಟ್ಟುತ್ತಲೇ ಇದ್ದಳು. ಕೊನೆಗೆ ಮಗು ಕೆಮ್ಮಿ, ತಾಯಿಯ ಮೈಮೇಲೆಲ್ಲ ವಾಂತಿ ಮಾಡಿಕೊಂಡಿತು. ನಾನು ಅಷ್ಟು ಸಂತೋಷದಿಂದ ವಾಂತಿ ನೋಡಿದವಳಲ್ಲ.

ನನ್ನ ತಂಗಿ ಫುಟ್‌ಪಾತಿನ ಮೇಲೆ ಕೂತಿದ್ದಳು. ಅವಳು ತಾನಾಗಿಯೇ ಫೋನು ತೆಗೆದು ಉಳಿದ ತಾಯಂದಿರಲ್ಲಿ ಒಬ್ಬಳಿಗೆ ಮಾಡಿದಳು.

“ಮಗು ಚೆನ್ನಾಗಿದೆ ಕಣಮ್ಮಾ. ಈಗಲೇ ಬಂದು ಕರ್ಕೊಂಡು ಹೋಗು. ಇಲ್ಲ, ನಾಳೆ ಬೇಡ, ನಾಳೆಯಿಂದ ತರಬೇಡ. ಯಾಕೆ ಅಂತ ಹೇಳ್ತೀನಿ, ಫೋನ್ ಇಡಬೇಡ.”