ನೆಲ್ಯಹುದಿಕೇರಿಯಲ್ಲಿ ನಾನು ಬರೆದ ಎರಡು

ಕೊಡಗು ಮೈಸೂರು ರಾಜ್ಯಕ್ಕೆ ಸೇರಿ ಕೆಲವೇ ವರ್ಷಗಳಾಗಿದ್ದವು. ಕಾಫಿ ಹಣ್ಣು ಕೊಯ್ಯುವ ಪಿಕಿಂಗ್ ಕಾಲದ ಒಂದು ಬೆಳಗ್ಗೆ ಕುಶಾಲನಗರದಲ್ಲಿ ಬಸ್ಸು ಹತ್ತಿ ಸುಂಟಿಕೊಪ್ಪಕ್ಕೆ ಹೊರಟೆ. ಕಂಡಕ್ಟರ್ ಐವತ್ತು ನಯಾಪೈಸೆ ಕೇಳಿದಾಗ ಪಕ್ಕದಲ್ಲಿದ್ದ ಮುದುಕರು, "ಎಂಟಾಣೆ ಅನ್ನೋಕೆ ನಿನ್ನ ಬಾಯಿಗೇನಾಗಿದೆ?" ಎಂದು ರೇಗಿದರು. ನಾನು ನಕ್ಕೆ. ಹೊಸದೆಲ್ಲ ನನ್ನ ಕಡೆಗಿದೆ ಎಂಬ ಜಂಬ ಆಗ ನನಗಿತ್ತು.

ನನ್ನ ತೊಡೆಯ ಮೇಲೆ ಕಾರ್ಡುಗಳ ಕಟ್ಟಿತ್ತು. ಎಸ್ಟೇಟ್ ಲೈನುಗಳಲ್ಲಿ, ಅಂದರೆ ಸಾಲುಮನೆಗಳಲ್ಲಿ, ವಾಸವಿದ್ದ ಕೂಲಿಯವರನ್ನು ಸರ್ಕಾರ ಎಣಿಸುತ್ತಿತ್ತು. ಈ ರಾಜ್ಯದವರಿಗೆ ಮನೆ ಕಟ್ಟಲು ಜಾಗ ಕೊಡುವುದೆಂದಿತ್ತು. ಹೆಸರೊಂದು ಬಿಟ್ಟು ಉಳಿದದ್ದೆಲ್ಲ ಅಂಕಿಯಲ್ಲೇ ಬರೆಯಬೇಕು. ಬೆಂಗಳೂರಿನಲ್ಲಿ ಆ ಅಂಕಿಗೆ ತಕ್ಕ ಹಾಗೆ ತೂತು ಹೊಡೆದು ಯಂತ್ರಕ್ಕೆ ಹಾಕುತ್ತಾರೆ, ಯಾರಿಗೆ ಜಾಗ ಎಂದು ಯಂತ್ರವೇ ವಿಂಗಡಿಸುತ್ತದೆ ಎಂದಿದ್ದರು ಮಡಿಕೇರಿ ಆಫೀಸಿನ ಸಾಹೇಬರು. ಹುಟ್ಟಿದ್ದು ಮೈಸೂರು ರಾಜ್ಯದಲ್ಲಾದರೆ ಒಂದು, ಹೊರಗಾದರೆ ಎರಡು. ಮೆಟ್ರಿಕ್ ಪಾಸಾಗಿದ್ದ ನನ್ನದು ಹಂಗಾಮಿ ಕೆಲಸ. ಬೇಗ ಮುಗಿಸಿದವರನ್ನು ಖಾಯಂ ಮಾಡುತ್ತಾರೆಂಬ ಆಸೆಯಿತ್ತು.

ಸುಂಟಿಕೊಪ್ಪದಲ್ಲಿ ಪುಟ್ಟು, ಕಡಲೆ ತಿಂದು ಎಸ್ಟೇಟಿನ ಲಾರಿಯಲ್ಲಿ ನೆಲ್ಯಹುದಿಕೇರಿಗೆ ಹೋದೆ. ಮಂಜು ಕರಗಿ ಬಿಸಿಲು ಚುರುಕಾಗಿತ್ತು. ಎಸ್ಟೇಟಿನ ಲೆಕ್ಕ ಬರೆಯುವ ರೈಟರ್ ಪೊನ್ನಪ್ಪನವರು ಕಣದ ಬದಿಯಲ್ಲಿ ಮೇಜು ಹಾಕಿಸಿಕೊಟ್ಟರು. ಕೂಲಿಯವರು ಸಾಲು ನಿಂತರು. ಮೊದಲು ಬಂದವಳು ಬೊಳ್ಳಿ, ಐವತ್ತರ ಆಸುಪಾಸಿನ ಹೆಂಗಸು.

"ಹುಟ್ಟಿದ್ದೆಲ್ಲಿ?"

"ಇಲ್ಲೇ. ಆ ಹಲಸಿನ ಮರ ಉಂಟಲ್ಲ, ಅದರ ಬುಡದಲ್ಲಿ."

"ಮೈಸೂರು ರಾಜ್ಯವಾ?"

"ಮೈಸೂರಾ? ನಾ ಮೈಸೂರು ಕಂಡೋಳೇ ಅಲ್ಲ ಸ್ವಾಮಿ. ನಂದು ಕೊಡಗು."

ಎರಡು ಎಂದು ಬರೆದೆ. ಅವಳ ಹಿಂದಿದ್ದವರೂ ಅದನ್ನೇ ಹೇಳಿದರು. ಅವಳು ಹುಟ್ಟಿದಾಗ ಕೊಡಗು ಮೈಸೂರಿನದಾಗಿರಲಿಲ್ಲ, ಬೇರೆಯಾಗಿಯೇ ಇತ್ತು. ಹಾಗಾಗಿ ನಾನು ಬರೆದದ್ದು ಸರಿ ಎಂದೇ ನಂಬಿದ್ದೆ.

ಸಂಜೆ ಕಾಪಿ ಕುಡಿಯುತ್ತ ಪೊನ್ನಪ್ಪನವರು ಕಾರ್ಡುಗಳನ್ನು ತಿರುವಿ ನೋಡಿದರು. "ಎಂಥ ಮಾರಾಯ ಇದು! ಈ ಬೊಳ್ಳಿ ಹೊರಗಿನವಳಾದರೆ ನಾನು ಯಾವ ದೇಶದವ? ನೀನು ಎಲ್ಲಿಯವ?"

"ಹುಟ್ಟಿದ್ದು ಹಾಸನದಲ್ಲಿ. ಅಪ್ಪ ಆಮೇಲೆ ಕುಶಾಲನಗರದ ಹತ್ತಿರ ಜಮೀನು ಮಾಡಿದರು."

"ಹಾಗಾದರೆ ನಿನಗೆ ಒಂದು. ಮೊನ್ನೆ ಬಂದವ ಒಳಗಿನವ, ಇವಳು ಹೊರಗಿನವಳು. ಭೇಷ್!" ಎಂದು ನಕ್ಕರು. ನಗು ನಿಂತ ಮೇಲೆ, "ತಿದ್ದಿಬಿಡು. ಇವರಿಗೆ ಜಾಗ ಹೋಗ್ತದೆ" ಎಂದರು.

ಕೊಡಗು ಈಗ ಮೈಸೂರು ರಾಜ್ಯದ್ದೇ, ಬರೆಯಬೇಕಾದದ್ದು ಒಂದು; ತಪ್ಪು ನನಗೆ ಆಗಲೇ ತಿಳಿಯಿತು. ಆದರೆ ಶಾಯಿಯಲ್ಲಿ ಬರೆದದ್ದನ್ನು ತಿದ್ದುವಂತಿರಲಿಲ್ಲ. ಹೊಸ ಕಾರ್ಡಿಗಾಗಿ ಮಡಿಕೇರಿಗೆ ಹೋಗಬೇಕು, ಇಷ್ಟೊಂದು ಕಾರ್ಡು ಕೆಡಿಸಿದೆನೆಂದು ಸಾಹೇಬರ ಮುಂದೆ ಒಪ್ಪಿಕೊಳ್ಳಬೇಕು, ಮತ್ತೆ ಬಂದು ಎಲ್ಲರನ್ನೂ ಕೇಳಬೇಕು. ಖಾಯಂ ಆಗುವ ಆಸೆ ಅಲ್ಲಿಗೆ ಮುಗಿದಂತೆ. "ಆಫೀಸಿನಲ್ಲಿ ಸರಿಪಡಿಸುತ್ತೇನೆ" ಎಂದೆ. ಪೊನ್ನಪ್ಪನವರು ನಂಬಿದರು.

ಮರುದಿನ ಬೆಳಗ್ಗೆ ಲಾರಿ ಹತ್ತುವಾಗ ಬೊಳ್ಳಿ ಮಡಿಲಲ್ಲಿ ಕಿತ್ತಳೆ ತುಂಬಿಕೊಂಡು ಬಂದಳು.

"ಸ್ವಾಮಿ, ನಂಗೆ ಎಂಥ ನಂಬರ್ ಬರ್ದ್ರಿ?"

"ಎರಡು."

"ಎರಡು ಒಳ್ಳೇದಾ?"

ಲಾರಿಯ ಎಂಜಿನ್ ಆಗಲೇ ಗುರುಗುಟ್ಟುತ್ತಿತ್ತು. "ಒಳ್ಳೇದು" ಎಂದೆ.

ಅವಳು ಹಿಂದೆ ನಿಂತಿದ್ದವರಿಗೆ, "ಕೇಳಿದ್ರಾ, ಒಳ್ಳೇದಂತೆ!" ಎಂದು ಕೂಗಿ, ಕಿತ್ತಳೆಗಳನ್ನು ನನ್ನ ಚೀಲಕ್ಕೆ ಸುರಿದಳು. ಸುಂಟಿಕೊಪ್ಪ ಮುಟ್ಟುವಷ್ಟರಲ್ಲಿ ನಾಲ್ಕು ತಿಂದಿದ್ದೆ. ಸಿಹಿಯಾಗಿದ್ದವು.

ನಾನು ಖಾಯಂ ಆದೆ. ಜಾಗದ ಪಟ್ಟಿ ಬಂದಾಗ ಆ ಲೈನುಗಳ ಒಂದು ಹೆಸರೂ ಅದರಲ್ಲಿರಲಿಲ್ಲ. ಪೊನ್ನಪ್ಪನವರು ಆಫೀಸಿಗೆ ಬಂದು ಕೇಳಿದರು. ಯಂತ್ರದ ತಪ್ಪು ಎಂದರು ಎಲ್ಲರೂ. ನಾನೂ ಹಾಗೆಯೇ ಹೇಳಿದೆ. ಅವರು ನನ್ನ ಮುಖವನ್ನು ಒಂದು ಕ್ಷಣ ನೋಡಿ, ಕೊಡೆ ಎತ್ತಿಕೊಂಡು ಹೊರಟುಹೋದರು. ಯಂತ್ರ ತಪ್ಪು ಮಾಡಿರಲಿಲ್ಲ. ನಾನು ಕೊಟ್ಟದ್ದನ್ನೇ ಅದು ಓದಿತ್ತು. ಮತ್ತೆ ನೆಲ್ಯಹುದಿಕೇರಿಗೆ ಹೋಗುವ ಧೈರ್ಯ ನನಗೆ ಬರಲೇ ಇಲ್ಲ.

ಕಿತ್ತಳೆ ಸಿಕ್ಕ ಆ ಬೆಳಗ್ಗೆ ಲಾರಿ ತಿರುವಿನಲ್ಲಿ ನಿಧಾನವಾದಾಗ ಒಮ್ಮೆ ಹಿಂತಿರುಗಿ ನೋಡಿದ್ದೆ. ಹಲಸಿನ ಮರದ ಕೆಳಗೆ ನಿಂತಿದ್ದ ಬೊಳ್ಳಿ ನನ್ನತ್ತ ಕೈ ಎತ್ತಿ ಎರಡು ಬೆರಳು ತೋರಿಸುತ್ತಿದ್ದಳು. ನಾನೂ ಎರಡು ಬೆರಳು ಎತ್ತಿ ತೋರಿಸಿದೆ.