ಚುಕ್ಕೆ ಇದ್ದ ಕಲ್ಲು, ಚುಕ್ಕೆ ಇಲ್ಲದ ಕಲ್ಲು

ಮಧುಗಿರಿಯಿಂದ ಕೊರಟಗೆರೆಗೆ ಹೋಗುವ ರಸ್ತೆ ಬಿಟ್ಟು ಎಡಕ್ಕೆ ಎರಡು ಕಿಲೋಮೀಟರ್ ಒಳಗೆ, ಕಲ್ಲು ಕ್ವಾರಿಯ ಉತ್ತರದ ಅಂಚಿನಲ್ಲಿ ನಾನು ನಿಂತಿದ್ದೆ. ಎರಡು ವರ್ಷಗಳ ಹಿಂದಿನ ಫೆಬ್ರವರಿ, ಸೋಮವಾರ, ಬೆಳಿಗ್ಗೆ ಹತ್ತೂವರೆ. ನನ್ನ ಬೆನ್ನಿಗೆ ಹುಣಸೆ ಮರ, ಎದುರಿಗೆ ಮೊಣಕಾಲೆತ್ತರದ ಎರಡು ಕಲ್ಲುಗಳು. ಅವುಗಳ ನಡುವೆ ಆರು ಹೆಜ್ಜೆ ದೂರ.

ಕ್ವಾರಿಗೆ ಹೊಸ ಲಾರಿ ದಾರಿ ಆ ಕಲ್ಲುಗಳ ಮೇಲೇ ಹಾಯಬೇಕಿತ್ತು. ಅವು ಗೋರಿಗಳು. ವಾರಸುದಾರರು ಕೇಳಿದ ಗೋರಿಯನ್ನು ತೆಗೆದು ಊರ ಸ್ಮಶಾನಕ್ಕೆ ಸಾಗಿಸುವುದು, ಯಾರೂ ಕೇಳದ್ದರ ಮೇಲೆ ಮಣ್ಣು ಹರಡುವುದು ಎಂದು ತೀರ್ಮಾನವಾಗಿತ್ತು. ಕಂದಾಯ ನಿರೀಕ್ಷಕರು ಮಹಜರು ಬರೆಯಲು ಬಂದಿದ್ದರು. ಹತ್ತಿರದ ಶಾಲೆಯ ಮೇಷ್ಟ್ರಾದ ನಾನು ಸಾಕ್ಷಿ. ಪಕ್ಕದಲ್ಲಿ ಡ್ರೈವರೊಬ್ಬ ಜೆಸಿಬಿ ನಿಲ್ಲಿಸಿಕೊಂಡು ಕಾಯುತ್ತಿದ್ದ.

ತಮ್ಮ ಅಪ್ಪನ ಗೋರಿ ಕೇಳಲು ಬಂದಿದ್ದವರು ನಮ್ಮ ಶಾಲೆಯಲ್ಲಿ ಹಿಂದೆ ಬಿಸಿಯೂಟ ಮಾಡುತ್ತಿದ್ದ ಅಮ್ಮ. ಅವರ ಅಪ್ಪ ಸೇಲಂ ಕಡೆಯಿಂದ ಬಂಡೆ ಸೀಳುವ ಕೆಲಸಕ್ಕೆ ಇಲ್ಲಿಗೆ ಬಂದವನು. ಮಗಳಿಗೆ ನಾಲ್ಕು ವರ್ಷವಿದ್ದಾಗ ಸತ್ತ. ಆಮೇಲೆ ಅವರು ಬೆಳೆದದ್ದು ಕೊರಟಗೆರೆಯಲ್ಲಿ, ಅಜ್ಜಿಯ ಹತ್ತಿರ. ಅಮಾವಾಸ್ಯೆಗೊಮ್ಮೆ ಬಂದು ಹೂವಿಟ್ಟು ಹೋಗುವುದನ್ನು ನಾನೇ ಎಷ್ಟೋ ಸಲ ನೋಡಿದ್ದೆ.

ಕಲ್ಲುಗಳ ಮೇಲೆ ಹೆಸರಿರಲಿಲ್ಲ. ಕೆಲಸದವರ ಚಾಣಗಳೆಲ್ಲ, ಅಂದರೆ ಕಲ್ಲು ಕೆತ್ತುವ ಉಳಿಗಳು, ದಿನಾ ಮೊನೆ ಮಾಡಿಸಲು ಒಂದೇ ಕುಲುಮೆಗೆ ಹೋಗುತ್ತಿದ್ದವು. ಅದಲು ಬದಲಾಗದಂತೆ ಒಬ್ಬೊಬ್ಬನ ಚಾಣಕ್ಕೆ ಒಂದೊಂದು ಗುರುತು. ಸತ್ತರೆ ಗೋರಿಯ ಕಲ್ಲಿಗೂ ಅದೇ ಗುರುತು. ಆ ಅಮ್ಮ ಸೆರಗಿನ ಗಂಟಿನಿಂದ ಅಪ್ಪನ ಚಾಣ ತೆಗೆದು ತೋರಿಸಿದರು. ಅಡ್ಡಡ್ಡ ಎರಡು ಗೆರೆ, ಕೆಳಗೊಂದು ಚುಕ್ಕೆ. ಹೂವಿಟ್ಟಿದ್ದ ಕಲ್ಲಿನಲ್ಲೂ ಅಷ್ಟೇ.

"ಇನ್ನೇನು ಬೇಕು ಸ್ವಾಮಿ ಸಾಕ್ಷಿ? ಬರ್ಕಳಿ," ಅಂದರು. ನಿರೀಕ್ಷಕರು ಬರೆಯತೊಡಗಿದರು.

ನನಗೆ ಒಂದು ಕುತೂಹಲ. ಇನ್ನೊಂದು ಕಲ್ಲಿನಲ್ಲೂ ಅದೇ ಎರಡು ಗೆರೆ ಇದ್ದವು, ಚುಕ್ಕೆ ಇರಲಿಲ್ಲ. ಇದೇಕೆ ಹೀಗೆ ಎಂದು ಕೇಳಿದೆ.

"ಅದ್ಯಾವನೋ ಅರ್ಧಕ್ಕೇ ಬುಟ್ಟವ್ನೆ ಬುಡಿ ಮೇಷ್ಟ್ರೇ," ಎಂದು ಅಮ್ಮ ನಕ್ಕರು.

ಶಿರಾದಿಂದ ಬಂದಿದ್ದ ಮುದುಕರೊಬ್ಬರು ನಗಲಿಲ್ಲ. ಆ ಕುಲುಮೆ ಅವರ ತಂದೆಯದು. ಇದು ಗೋರಿಯ ಜಾಗವೇ ಎಂದು ಹೇಳಲಿ ಅಂತ ಅಮ್ಮನೇ ಅವರನ್ನು ಕರೆಸಿದ್ದರು. ಅವರು ಚಾಣ ಇಸಿದುಕೊಂಡು ಚುಕ್ಕೆಯ ಮೇಲೆ ಹೆಬ್ಬೆರಳು ಆಡಿಸಿದರು.

"ಈ ಚುಕ್ಕೆ ನಾನೇ ಹಾಕಿದ್ದು ಬೇಟಿ."

"ಯಾವಾಗ ಚಾಚಾ?"

"ನಿಮ್ಮಪ್ಪ ಹೋದ್ಮೇಲೆ. ಚಾಣ ಇನ್ನೊಬ್ಬನ ಕೈಗೆ ಹೋದ್ರೆ ಹಳೇ ಗುರುತಿಗೆ ಒಂದು ಚುಕ್ಕೆ ಹಾಕೋದು ನಮ್ಮ ಕುಲುಮೆ ಪದ್ಧತಿ. ಪಾವಗಡದ ಆಚೆಯಿಂದ ಒಬ್ಬ ಬಂದಿದ್ದ, ಬರೀ ತೆಲುಗು ಮಾತಾಡೋನು. ಹಿಂದೆ ಮುಂದೆ ಯಾರೂ ಇರ್ಲಿಲ್ಲ. ಅವನೂ ಸತ್ತ. ಚಾಣ ನಿಮ್ಮಜ್ಜಿಗೆ ವಾಪಸ್ ಕೊಟ್ವಿ."

ಅಮ್ಮ ಎರಡೂ ಕಲ್ಲುಗಳನ್ನು ನೋಡಿದರು. "ಅಂಗಾದ್ರೆ ನಾನು ಹೂವಿಟ್ಟಿದ್ದು?"

"ಅವನಿಗೆ. ನಿಮ್ಮಪ್ಪ ಆ ಚುಕ್ಕೆ ಇಲ್ಲದ ಕಲ್ಲಿನಡಿ ಅವ್ನೆ."

ಅಮ್ಮ ಚುಕ್ಕೆಯಿಲ್ಲದ ಕಲ್ಲಿನ ಹತ್ತಿರ ಹೋಗಿ ಕೂತರು. ಮುಟ್ಟಲಿಲ್ಲ. ನಾನು ಕೇಳದಿದ್ದರೆ ಅವರ ಅಪ್ಪನ ಮೇಲೆ ಲಾರಿ ಓಡುತ್ತಿತ್ತು. ಕೇಳಿದ್ದರಿಂದ ಐವತ್ತು ವರ್ಷಕ್ಕೂ ಮಿಕ್ಕ ಅವರ ಅಮಾವಾಸ್ಯೆಗಳು ಬೇರೆ ಯಾರದೋ ಆದವು. ಯಾವುದು ಮೇಲು ಎಂದು ಇವತ್ತಿಗೂ ನಾನು ಹೇಳಲಾರೆ.

ನಿರೀಕ್ಷಕರು ಬರೆದದ್ದನ್ನು ಹೊಡೆದು ಹಾಕಿ, "ಹಾಗಾದರೆ ಇದೊಂದನ್ನ ತೆಗೆಸೋಣ. ಅದಕ್ಕೆ ವಾರಸುದಾರರಿಲ್ಲ," ಅಂದರು.

"ಎರಡೂ ತೆಗೀರಿ," ಅಂದರು ಅಮ್ಮ.

"ಅವನು ನಿಮಗೆ ಏನಾಗಬೇಕಮ್ಮ? ಸಂಬಂಧ ಬರೀಬೇಕು."

"ಇಷ್ಟ್ ವರ್ಷ ಅಪ್ಪಾ ಅಪ್ಪಾ ಅಂತ ಮನೇ ಕಷ್ಟ ಎಲ್ಲ ಹೇಳ್ಕಂಡಿವ್ನಿ. ನನ್ ಮಗಳ ಮದ್ವೆನೂ ಅವ್ನಿಗೇ ಮೊದ್ಲು ಹೇಳಿದ್ದು. ಈಗ ಯಾವನೋ ಅಂತ ಮಣ್ಣು ಸುರಿಸ್ಲಾ?"

"ಅವನಿಗೆ ತಮಿಳು ಬರ್ತಿರಲಿಲ್ಲ ಕಣಮ್ಮ," ಅಂದರು ಮುದುಕರು ಮೆಲ್ಲಗೆ.

"ಕನ್ನಡದಲ್ಲೇ ಹೇಳಿದ್ದು ಚಾಚಾ. ಅರ್ಥ ಆಗಿರ್ತದೆ."

ನಿರೀಕ್ಷಕರು ಎರಡು ಗೋರಿ ಎಂದು ಬರೆದು, ಎರಡನೆಯದರ ಎದುರು "ಬಂಧು" ಎಂದು ಸೇರಿಸಿದರು. ನಾನು ಓದಿ ಸಹಿ ಹಾಕಿದೆ. ಗುರುವಾರ ಎರಡನ್ನೂ ತೆಗೆದು ಊರ ಸ್ಮಶಾನದಲ್ಲಿ ಅಕ್ಕಪಕ್ಕ ಹೂತರು.

ಇದನ್ನು ಕಂಡವರಲ್ಲಿ ಶಿರಾದ ಆ ಹಿರಿಯರು ಹೋದ ರಂಜಾನಿಗೆ ಮೊದಲು ತೀರಿಕೊಂಡರು. ನಿರೀಕ್ಷಕರು ಬೇರೆ ತಾಲ್ಲೂಕಿಗೆ ವರ್ಗವಾಗಿ ಹೋಗಿದ್ದಾರೆ. ಜೆಸಿಬಿ ನಿಲ್ಲಿಸಿಕೊಂಡು ಎಲ್ಲವನ್ನೂ ಕೇಳುತ್ತಿದ್ದ ಡ್ರೈವರ್ ಕೊಡಿಗೇನಹಳ್ಳಿಯಲ್ಲಿದ್ದಾನೆ. ಆ ಅಮ್ಮ ಕೊರಟಗೆರೆಯಲ್ಲಿ ಮಗಳ ಮನೆಯಲ್ಲಿದ್ದಾರೆ.